ಮಿಷನ್ ಹಿಡಿದರೆ ಕೈ ನಡುಗುತ್ತದೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮಂಜು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಕಡೆಯವರು. ವಯಸ್ಸು 35ರ ಆಸುಪಾಸು. ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ (ಸಿಲ್ವರ್) ಮರ ಕಡಿಯುವ ತಂಡದಲ್ಲಿ ಮಿಷನ್, ಅಂದರೆ ಮರ ಕುಯ್ಯುವ ಗರಗಸದ ಯಂತ್ರ, ಹಿಡಿಯುವುದು ಅವರ ಕೆಲಸ. ಕರೆದುಕೊಂಡು ಬಂದಿದ್ದು ಹೆಂಡತಿ. ರಾತ್ರಿ ಕಿರುಚಿಕೊಂಡು ಏಳುತ್ತಾರೆ, ಕುಡಿತ ಜಾಸ್ತಿಯಾಗಿದೆ, ಮಕ್ಕಳು ಬಾಗಿಲು ಜೋರಾಗಿ ಹಾಕಿದರೂ ಬೆಚ್ಚಿಬೀಳುತ್ತಾರೆ, ಮಿಷನ್ ಮುಟ್ಟಿದರೆ ಕೈ ನಡುಗುತ್ತದೆ. "ಹೇಗಾದ್ರೂ ಮಾಡಿ ಇವರ ಭಯ ತೆಗೀರಿ ಮೇಡಂ, ಕೆಲಸಕ್ಕೆ ಹೋಗೋ ಹಾಗಾದ್ರೆ ಸಾಕು" ಎಂದರು. ಸಂಘದ ಸಾಲದ ಕಂತು ಬಾಕಿ ಇತ್ತು.

ಅದಕ್ಕೂ ಮೂರು ತಿಂಗಳ ಹಿಂದೆ ನಡೆದಿದ್ದು ಇದು. ಇಳಿಜಾರಿನ ತೋಟ. ಕಾಫಿ ಗಿಡ ಮುರಿಯಬಾರದು ಅಂತ ಸಾಲುಗಳ ನಡುವಿನ ಸಣ್ಣ ಜಾಗಕ್ಕೇ ಮರ ಬೀಳಿಸಬೇಕಿತ್ತು. ಕಡಿದ ಮರ ನೆಲಕ್ಕೆ ಬರಲಿಲ್ಲ, ಪಕ್ಕದ ಇನ್ನೊಂದು ಸಿಲ್ವರ್‌ಗೆ ಒರಗಿ ನಿಂತಿತು. ಎಳೆಯಲು ಹಗ್ಗ ತಂದಿರಲಿಲ್ಲ. ರಸ್ತೆಯಲ್ಲಿ ಲಾರಿ ಕಾಯುತ್ತಿತ್ತು. "ತಡೆದಿರೋ ಮರಾನೂ ಕುಯ್ದುಬಿಡು, ಎರಡೂ ಒಟ್ಟಿಗೆ ಬರ್ತವೆ" ಎಂದರು ಮೇಸ್ತ್ರಿ. ಮಂಜು ಕುಯ್ಯತೊಡಗಿದರು. ಕೆಳಗಡೆ ರೆಂಬೆ ಎಳೆದು ಹಾಕುತ್ತಿದ್ದ ಹಿರಿಯ ಜೊತೆಗಾರನ ಮೇಲೆ ಒರಗಿದ್ದ ಮರ ಜಾರಿ ಬಂತು. ಆಸ್ಪತ್ರೆ ಸೇರುವ ಮೊದಲೇ ಅವರು ತೀರಿಕೊಂಡರು. ಮಂಜುವಿಗೆ ಮಿಷನ್ ಹಿಡಿಯುವುದನ್ನು ಕಲಿಸಿದ್ದೇ ಅವರು. ಅಣ್ಣ ಅಂತಲೇ ಕರೆಯುತ್ತಿದ್ದರು.

ಭಯ ಪೂರ್ತಿ ತೆಗೆಯಲು ನಾನು ಒಪ್ಪಲಿಲ್ಲ. ಮಂಜುವಿನೊಳಗೆ ಎರಡು ಭಯಗಳಿದ್ದವು. ಮನೆಯಲ್ಲಿ ಮಲಗಿದ್ದಾಗಲೂ ಮರ ಬೀಳುತ್ತಿದೆ ಅನ್ನಿಸುವುದು ಒಂದು. ಅದು ಆಘಾತದಿಂದ ಬಂದದ್ದು, ಚಿಕಿತ್ಸೆಗೆ ಬಗ್ಗುತ್ತದೆ. ಇಂಥ ಲಕ್ಷಣಗಳು ತಿಂಗಳು ದಾಟಿದರೂ ಇಳಿಯದಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು. ಇನ್ನೊಂದು, ಹಗ್ಗ ಇಲ್ಲದೆ, ಕೆಳಗೆ ಜನ ಇರುವಾಗ ಮರ ಕುಯ್ಯಲು ಆಗುವ ಭಯ. ಅದು ಸರಿಯಾದ ಭಯ. ಆ ದಿನ ಅಲ್ಲಿದ್ದ ಎಲ್ಲರಿಗೂ ಅದು ಇರಬೇಕಿತ್ತು. ಅದನ್ನು ತೆಗೆದು ಅವರನ್ನು ಅದೇ ಕೆಲಸಕ್ಕೆ ಅದೇ ರೀತಿ ಕಳಿಸಿದರೆ ನಾನು ಮಾಡಿದ್ದು ಆಪ್ತಸಲಹೆ ಹೇಗಾಗುತ್ತದೆ? ಇದನ್ನು ಬಿಡಿಸಿ ಹೇಳಿದಾಗ ಅವರು ಮೊದಲ ಸಲ ತಲೆ ಎತ್ತಿ ನೋಡಿದರು. "ಹಾಗಾದ್ರೆ ನಾನು ಹೇಡಿ ಅಲ್ವಾ ಮೇಡಂ?" ಎಂದು ಕೇಳಿದರು. ತಂಡದವರು ಹಾಗೆ ಆಡಿಕೊಂಡಿದ್ದರಂತೆ.

ತಪ್ಪಿತಸ್ಥ ಭಾವನೆ ಇದಕ್ಕಿಂತ ಭಾರವಾಗಿತ್ತು. ಊರವರು ಹಣೆಬರಹ ಎಂದರು. ಸತ್ತವರ ಮನೆಯವರು ಮಂಜುವನ್ನೇ ದೂರಿದರು. ಆ ದಿನ ಯಾರು ಯಾರು ಏನೇನು ತೀರ್ಮಾನ ಮಾಡಿದರು ಅಂತ ಬರೆದು ತರಲು ಹೇಳಿದೆ. "ನಾನು ಕುಯ್ದೆ" ಅಂತ ಒಂದೇ ಸಾಲು ಬರೆದು ತಂದರು. ಮತ್ತೆ ಜೊತೆಯಲ್ಲಿ ಕೂತು ಬರೆದೆವು. ಅವಸರ ಮಾಡಿದ್ದು ಯಾರು? ಹಗ್ಗ, ಹೆಲ್ಮೆಟ್ ಕೊಡದೆ ಕೆಲಸ ಹಿಡಿದವರು ಯಾರು? ಇಳಿಜಾರಿನ ಕೆಳಗೆ ಜನ ಇದ್ದಾಗ ಮೇಲೆ ಮರ ಕುಯ್ಯಿಸಿದ್ದು ಯಾರು? ಪಟ್ಟಿ ಉದ್ದವಾಯಿತು. ಕೊನೆಗೆ ಅವರ ಪಾಲೂ ಉಳಿಯಿತು: ಮಿಷನ್ ಕೆಳಗಿಟ್ಟು ಆಗಲ್ಲ ಅನ್ನಬಹುದಿತ್ತು. ಅದನ್ನು ನಾನು ಅಳಿಸಲಿಲ್ಲ. ಅವರಿಗೂ ಅದು ಗೊತ್ತಿತ್ತು, ಸುಮ್ನೆ ಸಮಾಧಾನ ಹೇಳಿದ್ದರೆ ನನ್ನ ಯಾವ ಮಾತನ್ನೂ ನಂಬುತ್ತಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರು ಮಾತ್ರೆ ಬರೆದರು. ಮದ್ಯ ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ನಿದ್ದೆ ಒಡೆಯುತ್ತದೆ. ಇದನ್ನು ಗಂಡ ಹೆಂಡತಿ ಇಬ್ಬರಿಗೂ ಹೇಳಿದೆ. ನಿದ್ದೆ ಬರಿಸುವ ಮಾತ್ರೆ ಇರುವಾಗಲೂ, ರಾತ್ರಿ ಕುಡಿದ ಮಾರನೇ ದಿನವೂ ಮಿಷನ್ ಮುಟ್ಟಲೇಬಾರದು ಎಂದು ಒತ್ತಿ ಹೇಳಿದೆ. ಆಮೇಲೆ ನಿಧಾನವಾಗಿ ಅಭ್ಯಾಸ ಶುರು ಮಾಡಿದೆವು. ಆಫ್ ಆಗಿರುವ ಮಿಷನ್ ಪಕ್ಕ ಕೂರುವುದು, ಮನೆ ಹಿಂದೆ ಬಿದ್ದ ಸೌದೆ ಕುಯ್ಯುವುದು. ಎದೆ ಹೊಡೆದುಕೊಂಡರೆ ಮಿಷನ್ ನಿಲ್ಲಿಸಿ ಕೆಳಗಿಟ್ಟು, ಪಾದ ನೆಲಕ್ಕೆ ಒತ್ತಿ, ಉಸಿರನ್ನು ಉದ್ದವಾಗಿ ಹೊರಗೆ ಬಿಡುವುದು.

ಎರಡನೇ ಭಯಕ್ಕೆ ಮಾತ್ರೆ ಇಲ್ಲ, ಕೆಲಸವೇ ಬದಲಾಗಬೇಕು. ಮರ ಕಡಿಯುವುದು ನನ್ನ ವಿದ್ಯೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅರಣ್ಯ ಕೆಲಸದ ಸುರಕ್ಷತೆ ಬಗ್ಗೆ 1998ರಲ್ಲಿ ಪ್ರಕಟಿಸಿದ ನಿಯಮಾವಳಿಯನ್ನು ಓದಿ ಅವರ ಮುಂದಿಟ್ಟೆ. ಕುಯ್ಯುವಾಗ ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಬಾರದು. 80 ಅಡಿ ಸಿಲ್ವರ್ ಆದರೆ 160 ಅಡಿ. ಮಿಷನ್ ಚಾಲೂ ಮಾಡುವ ಮೊದಲೇ ಓಡುವ ದಾರಿ ಸವರಿಕೊಳ್ಳಬೇಕು. ಅದು ನೇರ ಹಿಂದಕ್ಕಲ್ಲ, ಹಿಂದಕ್ಕೆ ಓರೆಯಾಗಿ, ಯಾಕೆಂದರೆ ಬುಡ ಹಿಂದಕ್ಕೆ ಒದೆಯುತ್ತದೆ. ಒರಗಿ ನಿಂತ ಮರದ ಕೆಳಗೆ ಹೋಗಬಾರದು, ತಡೆದಿರುವ ಮರವನ್ನು ಕುಯ್ಯಬಾರದು, ದೂರದಿಂದ ಎಳೆದು ಕೆಡವಬೇಕು. ಜೋರು ಗಾಳಿ ಬಂದರೆ ಕೆಲಸ ನಿಲ್ಲಬೇಕು. ವಿದ್ಯುತ್ ಲೈನ್ ಹತ್ತಿರವಿದ್ದರೆ ಲೈನ್ ಕ್ಲಿಯರ್ (ಕರೆಂಟ್ ತೆಗೆದಿದ್ದಾರೆ ಎಂಬ ಖಾತ್ರಿ) ಪಡೆಯದೆ ಮುಟ್ಟಬಾರದು. "ಇದರಲ್ಲಿ ಅರ್ಧ ಅಣ್ಣನೇ ಹೇಳಿಕೊಟ್ಟಿದ್ದು ಮೇಡಂ" ಎಂದು ಅತ್ತರು. ಗೊತ್ತಿದ್ದೂ ಬಿಟ್ಟಿದ್ದರು, ಲೋಡಿನ ಲೆಕ್ಕದಲ್ಲಿ ಕೂಲಿ ಸಿಗುವಾಗ ಹಗ್ಗ ಕಟ್ಟುವ ಅರ್ಧ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ನನ್ನ ಸಿಟ್ಟು ಇರುವುದು ಈ ಲೆಕ್ಕದ ಮೇಲೆ. ತೋಟದ ಮಾಲೀಕರು ಮರ ಮಾರುವಾಗಲೇ ಹಗ್ಗ, ಹೆಲ್ಮೆಟ್, ದಿನಗೂಲಿ ಮೂರನ್ನೂ ಷರತ್ತಿಗೆ ಸೇರಿಸಲು ಏನು ಕಷ್ಟ?

ಸತ್ತವರ ಹೆಂಡತಿಗೆ ಪರಿಹಾರ ಸಿಕ್ಕಿರಲಿಲ್ಲ. ಕೈಗೆ ಸ್ವಲ್ಪ ಹಣ ಕೊಟ್ಟು ಮಾತು ಮುಗಿಸಿದ್ದರು. ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಬೇಕು ಎಂಬ ಕಾನೂನು ನಮ್ಮಲ್ಲಿ 1923ರಿಂದಲೂ ಇದೆ. ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಆದರೆ ಸಾಕ್ಷಿ ಬೇಕಲ್ಲ. ಮಂಜು ಸಾಕ್ಷಿ ಹೇಳಿದರೆ ಆ ಕಡೆ ಮತ್ತೆ ಕೆಲಸ ಸಿಗುವುದು ಅನುಮಾನ. ಹೇಳಿ ಅಂತ ನಾನು ಒತ್ತಾಯ ಮಾಡಲಿಲ್ಲ. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನು ಉಳಿಯುತ್ತದೆ ಎಂಬುದನ್ನು ಹೆಂಡತಿಯ ಎದುರಿಗೇ ಮಾತಾಡಿದೆವು. ಕೆಲವು ವಾರಗಳ ನಂತರ ಅವರೇ ಆ ಮನೆಗೆ ಹೋಗಿ, "ಅತ್ತಿಗೆ, ಎಲ್ಲಿ ಬೇಕಾದ್ರೂ ಬಂದು ನಡೆದಿದ್ದು ಹೇಳ್ತೀನಿ" ಎಂದು ಬಂದರು.

ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಕನಸುಗಳು ಕಡಿಮೆಯಾಗಿವೆ, ನಿಂತಿಲ್ಲ. ಮಂಜು ಈಗ ಬೇರೆ ಮೇಸ್ತ್ರಿ ಹತ್ತಿರ ದಿನಗೂಲಿಗೆ ಹೋಗುತ್ತಾರೆ. ಮೊದಲಿಗಿಂತ ಸಂಪಾದನೆ ಕಡಿಮೆ, ಅದಕ್ಕೆ ಮನೆಯಲ್ಲಿ ಜಗಳವೂ ಆಗುತ್ತದೆ. ಇಂಥ ಅಪಘಾತ ಕಣ್ಣಾರೆ ಕಂಡವರು ನಿಮ್ಮ ತಂಡದಲ್ಲಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.