ಗಾಯಕರಿಗೆ ಉಳಿದ ನಲವತ್ತು ನಿಮಿಷ

ಓದುಗರ ಪತ್ರ: ‘ಮಾನ್ಯ ಸಂಪಾದಕರೇ, ಓದುಗರು ತಾವು ಕೇಳಿದ ಸಂಗೀತ ಕಛೇರಿಗಳನ್ನು ನೆನೆದು ಬರೆದದ್ದನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಎಲ್ಲರೂ ಒಳ್ಳೆಯದನ್ನೇ ಬರೆದಿದ್ದಾರೆ. ಕೆಟ್ಟ ಕಛೇರಿಯನ್ನು ಯಾರೂ ಕೇಳಿಯೇ ಇಲ್ಲವೇ? ಇತ್ತೀಚೆಗೆ ಹೆಸರಾಂತ ಗಾಯಕರೊಬ್ಬರನ್ನು ಕೇಳಲೆಂದೇ ದಾವಣಗೆರೆಗೆ ಬಂದಿದ್ದೆ. ಅವರು ಮುಕ್ಕಾಲು ಗಂಟೆಯೂ ಹಾಡದೆ ಎದ್ದುಬಿಟ್ಟರು. ನನ್ನ ಪಾಲಿಗೆ ಅದೇ ಅತಿ ಕೆಟ್ಟ ಕಛೇರಿ. ಗಾಯಕರು ನಮಗೆ ಮೋಸ ಮಾಡಿದರು. ತಾವು ಕೇಳಿದ ಅತ್ಯುತ್ತಮ ಮತ್ತು ಅತಿ ಕೆಟ್ಟ ಕಛೇರಿಗಳು ಯಾವುವು? ಮುಚ್ಚುಮರೆಯಿಲ್ಲದೆ ಬರೆಯಿರಿ.’
– ಓದುಗರೊಬ್ಬರು, ಚಿತ್ರದುರ್ಗ

ಸಂಪಾದಕರ ಉತ್ತರ:

ಮಾನ್ಯರೇ,

ಆ ಸಂಜೆ ಅದೇ ಸಭಾಂಗಣದಲ್ಲಿ ನಾನೂ ಇದ್ದೆ. ಕಛೇರಿ ಕೆಟ್ಟಿತೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಗಾಯಕರು ಮೋಸ ಮಾಡಿದರೆಂಬುದನ್ನು ಒಪ್ಪಲಾರೆ. ಆಹ್ವಾನ ಪತ್ರಿಕೆಯಲ್ಲಿ ಸಂಜೆ 6 ಗಂಟೆಗೆ ಗಾಯನವೆಂದು ಅಚ್ಚಾಗಿತ್ತು. ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ದಾನಿಗಳಿಗೆ ಶಾಲು ಹೊದಿಸಿ ಹಾರ ಹಾಕುವುದು, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ನುಡಿ ಎಲ್ಲ ಮುಗಿದು ತಂಬೂರಿಗಳು ವೇದಿಕೆಗೆ ಬಂದಾಗ ಎಂಟೂವರೆ ದಾಟಿತ್ತು. ಒಂಬತ್ತೂಕಾಲಿಗೆ ಕಾರ್ಯಕರ್ತರೊಬ್ಬರು ಪಕ್ಕದಲ್ಲಿ ನಿಂತು ಗಾಯಕರಿಗೆ ಕೈಗಡಿಯಾರ ತೋರಿಸಿದ್ದನ್ನು ನೀವೂ ನೋಡಿರಬೇಕು.

ಉಳಿದ ಆ 40 ನಿಮಿಷದಲ್ಲಿ ಏನೆಲ್ಲ ಆಗಬೇಕಿತ್ತೆಂದು ಸ್ವಲ್ಪ ಯೋಚಿಸಿ. ನಿಧಾನ ಗತಿಯ ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ, ಅಂದರೆ 12 ಎಣಿಕೆಗಳ, ಒಂದು ಸುತ್ತಿಗೇ ಸುಮಾರು ಒಂದು ನಿಮಿಷ ಹಿಡಿಯುವುದುಂಟು. ನಿಧಾನವಾಗಿ ಬೆಳೆಸುವ ಬಡಾ ಖ್ಯಾಲ್, ಚುರುಕಿನ ಛೋಟಾ ಖ್ಯಾಲ್, ಮುಂದಿನ ಸಾಲಿನಿಂದ ಚೀಟಿಯಲ್ಲಿ ಬಂದ ವಚನದ ಕೋರಿಕೆ, ಮುಕ್ತಾಯಕ್ಕೆ ಭೈರವಿ ರಾಗ ಇಷ್ಟನ್ನೂ ಅಷ್ಟರಲ್ಲೇ ಮುಗಿಸಬೇಕಾದವರು ರಾಗವನ್ನು ಬೆಳೆಸುವುದಾದರೂ ಎಲ್ಲಿ? ಸಂಜೆ ಆರರ ಕಛೇರಿಗೆಂದು ಸಂಜೆಯ ಹೊತ್ತಿಗೇ ಹಾಡುವ ರಾಗಗಳಾದ ಮಾರ್ವಾವನ್ನೋ ಪೂರಿಯಾ ಧನಾಶ್ರೀಯನ್ನೋ ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಬಂದ ಗಾಯಕರು ರಾತ್ರಿ ಎಂಟೂವರೆಗೆ ಅದನ್ನು ಪೂರ್ತಿ ಬಿಟ್ಟು ಬೇರೆ ರಾಗವನ್ನು ಎತ್ತಿಕೊಳ್ಳಬೇಕಾಗುತ್ತದೆ ಎಂಬುದು ಕೂಡ ಭಾಷಣ ಮಾಡುವವರಿಗೆ ಹೊಳೆಯುವುದಿಲ್ಲ. ನಡುವೆ ಎರಡು ಸಲ ಹಾಡು ನಿಲ್ಲಿಸಿ ತಂಬೂರಿಯ ಶ್ರುತಿ ಸರಿಮಾಡಿಕೊಂಡಾಗ ಹಿಂದಿನಿಂದ ಗೊಣಗಾಟ ಕೇಳಿಸಿತು. ವೇದಿಕೆಯ ದೀಪಗಳ ಕಾವಿಗೆ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಹಾಗೆ ಇಳಿದದ್ದನ್ನು ಕೇಳಿಸಿಕೊಂಡೂ ಹಾಡು ಮುಂದುವರಿಸಿದ್ದರೆ ಅದು ಮೋಸವಾಗುತ್ತಿತ್ತು. ಧ್ವನಿವರ್ಧಕದವರಂತೂ ಕಂಠಕ್ಕೆ ಎಕೋ ಬೆರೆಸಿ, ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಸದ್ದನ್ನು ಎದೆ ನಡುಗುವಷ್ಟು ಏರಿಸಿ, ತಂಬೂರಿಯ ಮೈಕನ್ನು ಬಂದ್ ಮಾಡಿಯೇ ಬಿಟ್ಟಿದ್ದರು.

ಗಾಯಕರು ಪ್ರತಿಭಟಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಂಭಾವನೆ ಇನ್ನೂ ಕೈಸೇರದ, ಮುಂದಿನ ವರ್ಷದ ಕರೆಯೂ ಅದೇ ಸಂಘಟಕರಿಂದಲೇ ಬರಬೇಕಾದ ಕಲಾವಿದರಿಂದ ಆ ಧೈರ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನಾನು ಕೇಳಿದ ಅತ್ಯುತ್ತಮ ಕಛೇರಿ ದಾವಣಗೆರೆಯ ಚೌಕಿಪೇಟೆಯಲ್ಲಿ, ಹತ್ತಿ ವ್ಯಾಪಾರಸ್ಥರೊಬ್ಬರ ಮನೆಯ ಪಡಸಾಲೆಯಲ್ಲಿ ನಡೆದದ್ದು. ಊರಿನ ಗಿರಣಿಗಳು ಇನ್ನೂ ಓಡುತ್ತಿದ್ದ ಕಾಲವದು. ಹಾಡಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ, ಹೊರಗೆ ಅಷ್ಟೇನೂ ಹೆಸರಾಗದ ಅಂಧ ಗಾಯಕರು. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ನಂತರ 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಅನ್ನ ಮತ್ತು ಸ್ವರ ಎರಡನ್ನೂ ಕೊಟ್ಟು ಬೆಳೆಸಿದ ಆ ಆಶ್ರಮದಿಂದ ನಮ್ಮ ಸೀಮೆಯ ಊರೂರಿಗೂ ಸಂಗೀತ ಹರಿದು ಬಂದಿದೆ. ಅಂದು ಧ್ವನಿವರ್ಧಕ ಇರಲಿಲ್ಲ, ನಿರೂಪಕರೂ ಇರಲಿಲ್ಲ. ಊಟ ಮುಗಿಸಿ ಬಂದ ದಲಾಲಿ ಅಂಗಡಿಯವರು, ಶಾಲಾ ಮಾಸ್ತರರು, ಬಾಗಿಲ ಬಳಿ ಕುಳಿತ ಹಮಾಲರು ಎಲ್ಲರೂ ಒಂದೇ ಜಮಖಾನೆಯ ಮೇಲೆ ಇದ್ದರು.

ಗಾಯಕರು ಎತ್ತಿಕೊಂಡದ್ದು ಬಾಗೇಶ್ರೀ. ಈ ರಾಗದ ಆರೋಹದಲ್ಲಿ, ಅಂದರೆ ಸ್ವರಗಳು ಏರುವಾಗ, ಪಂಚಮವೆಂಬ ‘ಪ’ ಸ್ವರವಿಲ್ಲ. ಇಳಿಯುವ ಅವರೋಹದಲ್ಲೂ ಅದು ಅಪರೂಪಕ್ಕೆ ಸೋಕಿ ಹೋಗುವ ಸ್ವರ. ಆ ಗಾಯಕರು ಮಧ್ಯಮದ ಮೇಲೆ ನಿಂತು, ಧೈವತಕ್ಕೆ ಏರಿ, ಕೋಮಲ ನಿಷಾದವನ್ನು ಮುಟ್ಟಿ, ಮತ್ತೆ ಮಧ್ಯಮಕ್ಕೇ ಇಳಿಯುತ್ತ ಅರ್ಧ ಗಂಟೆಗೂ ಮಿಗಿಲಾಗಿ ಪಂಚಮದ ಸುಳಿವನ್ನೇ ಕೊಡಲಿಲ್ಲ. ಏನನ್ನೋ ಬಚ್ಚಿಟ್ಟಿದ್ದಾರೆಂದು ಸ್ವರಜ್ಞಾನವಿಲ್ಲದವರಿಗೂ ಅನ್ನಿಸತೊಡಗಿದ ಹೊತ್ತಿನಲ್ಲಿ, ‘ಮ ಪ ಧ ಗ’ ಎಂದು ಒಮ್ಮೆ ಪಂಚಮವನ್ನು ತಾಗಿಸಿ ಗಾಂಧಾರಕ್ಕೆ ಇಳಿದರು. ಬಾಗಿಲ ಬಳಿಯಿಂದ ಯಾರೋ ‘ಹೌದಪ್ಪಾ!’ ಎಂದರು. ಆ ಒಂದು ಸ್ಪರ್ಶಕ್ಕೆ ಬೆಲೆ ಬಂದದ್ದು ಅದಕ್ಕೂ ಮುಂಚೆ ಅದನ್ನು ತಡೆದು ಹಿಡಿದ ಅರ್ಧ ಗಂಟೆಯಿಂದ. ನೀವು ಕೇಳಿದ ಸಂಜೆಯಲ್ಲಿ ಗಾಯಕರಿಂದ ಕಿತ್ತುಕೊಂಡದ್ದು ಇದೇ ತಡೆದು ಹಿಡಿಯುವ ಅವಕಾಶವನ್ನು.

ಅತಿ ಕೆಟ್ಟದ್ದು ಯಾವುದೆಂದರೆ, ನಿಮ್ಮ ಅನುಭವಕ್ಕೆ ಪೂರ್ತಿ ವಿರುದ್ಧವಾದದ್ದು. ಜಾತ್ರೆಯೊಂದರ ಬಯಲು ವೇದಿಕೆ. ಗಾಯಕರಿಗೆ ಎರಡೂವರೆ ಗಂಟೆಯ ಸಮಯವಿತ್ತು, ಭಾಷಣಗಳಿರಲಿಲ್ಲ, ಧ್ವನಿ ವ್ಯವಸ್ಥೆ ಚೊಕ್ಕಟವಾಗಿತ್ತು, ಹಳ್ಳಿಗಳಿಂದ ಗಾಡಿ ಮಾಡಿಕೊಂಡು ಬಂದ ಜನ ಸದ್ದಿಲ್ಲದೆ ಕುಳಿತಿದ್ದರು. ಗಾಯಕರು ಮೊದಲ ಹತ್ತು ನಿಮಿಷದಲ್ಲೇ ತಾನುಗಳ, ಅಂದರೆ ವೇಗದ ಸ್ವರಸರಣಿಗಳ, ಮಳೆಗರೆದು, ಉಳಿದ ಹೊತ್ತನ್ನೆಲ್ಲ ತಬಲಾದವರೊಡನೆ ಸವಾಲ್-ಜವಾಬಿನಲ್ಲಿ ಕಳೆದರು. ರಾಗ ಯಾವುದೆಂದು ಕೇಳುಗರ ಮನಸ್ಸಿನಲ್ಲಿ ಮೂಡುವ ಮೊದಲೇ ಚಪ್ಪಾಳೆ ಬೀಳುವಂತೆ ನೋಡಿಕೊಂಡರು. ಎಲ್ಲವೂ ದೊರೆತಿದ್ದಾಗ ಹೀಗೆ ಮಾಡುವುದನ್ನು ನಾನು ಮೋಸವೆಂದು ಕರೆಯುತ್ತೇನೆ. ಜನ ಸಂತೋಷದಿಂದಲೇ ಎದ್ದುಹೋದರು ಎಂಬುದು ನನ್ನ ನೋವನ್ನು ಕಡಿಮೆ ಮಾಡಿಲ್ಲ.

ಸಂಘಟಕರು ಕೊಡುವ ಸಮಜಾಯಿಷಿ ಒಂದಿದೆ: ‘ಹತ್ತು ಗಂಟೆಯ ಕಾನೂನು’. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸುತ್ತವೆ ಎಂಬುದು ನಿಜ. ಬಯಲಿನ ಪಕ್ಕದ ಮನೆಗಳಲ್ಲಿ ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ಇರುತ್ತಾರಾದ್ದರಿಂದ ಆ ನಿಯಮ ಇರಲೇಬೇಕು. ಆದರೆ ಸದ್ದು ಒಳಗೇ ಉಳಿಯುವ ಮುಚ್ಚಿದ ಸಭಾಂಗಣಗಳಿಗೆ ಅದೇ ನಿಯಮ ವಿನಾಯಿತಿ ಕೊಟ್ಟಿದೆ. ಸಾಂಸ್ಕೃತಿಕ ಮತ್ತು ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಕೊಟ್ಟಿದೆ. ಹೋಗಲಿ, ಹತ್ತಕ್ಕೇ ಮುಗಿಸಬೇಕೆಂದುಕೊಂಡರೂ ಆರು ಗಂಟೆಗೆ ಹಾಡಲು ಕೂರಿಸಿದ್ದರೆ ನಾಲ್ಕು ತಾಸು ಸಿಗುತ್ತಿತ್ತು. ಸನ್ಮಾನವನ್ನು ಕೊನೆಗಿಡಿ ಎಂದು ಸಂಘಟಕರಿಗೆ ಹಲವು ಬಾರಿ ಹೇಳಿದ್ದೇನೆ. ಅಷ್ಟು ಹೊತ್ತಿಗೆ ಜನ ಉಳಿಯುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಜನ ಬಂದದ್ದು ಯಾವುದಕ್ಕೆಂದು ಅವರಿಗೂ ತಿಳಿದಿದೆ ಎಂದಾಯಿತು.

ಇನ್ನು ಕೆಟ್ಟ ಕಛೇರಿಗಳನ್ನು ನಾವು ಪ್ರಕಟಿಸುವುದಿಲ್ಲವೆಂಬ ದೂರು. ಮುಂದಿನ ಸಂಚಿಕೆಯಿಂದ ಪ್ರಕಟಿಸುತ್ತೇವೆ. ಬರೆಯುವವರಲ್ಲಿ ಒಂದೇ ವಿನಂತಿ: ಆಹ್ವಾನ ಪತ್ರಿಕೆಯಲ್ಲಿದ್ದ ಸಮಯ, ಮೊದಲ ಸ್ವರ ಕೇಳಿಸಿದ ಸಮಯ, ಗಾಯಕರು ಎದ್ದ ಸಮಯ ಈ ಮೂರನ್ನೂ ತಪ್ಪದೆ ನಮೂದಿಸಬೇಕು. ಆಮೇಲೆ ತಪ್ಪು ಯಾರದೆಂದು ಬರೆಯಲಿ. ನಿಮ್ಮ ಪತ್ರದ ಪ್ರತಿಯನ್ನು, ಹೆಸರು ವಿಳಾಸ ತೆಗೆದು, ಆ ಸಂಜೆಯ ಸಂಘಟಕರಿಗೆ ಕಳುಹಿಸಿದ್ದೇನೆ. ಅವರಿಂದ ಉತ್ತರ ಬಂದರೆ ಅದನ್ನೂ ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.

– ಸಂಪಾದಕ