ಅಲ್ಲನ್ ಪೆಟ್ಟರ್‌ಸನ್ ಯಾರ ಹತ್ತಿರ ಕಲಿತರು?

ಪ್ರಶ್ನೆ: ನಮಸ್ಕಾರ ಸರ್. ಸ್ವೀಡನ್ನಿನ ಸಂಗೀತ ರಚನಕಾರ ಅಲ್ಲನ್ ಪೆಟ್ಟರ್‌ಸನ್ ಅವರ ಏಳನೇ ಸಿಂಫನಿ, ಅಂದರೆ ದೊಡ್ಡ ವಾದ್ಯತಂಡಕ್ಕೆ ಬರೆದ ಕೃತಿ, ಕೇಳಿದೆ. 40 ನಿಮಿಷಕ್ಕೂ ಜಾಸ್ತಿ ಇದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಮುಗಿದ ಮೇಲೆ ನನಗೆ ಮಾತೇ ಹೊರಡಲಿಲ್ಲ. ಅವರಿಗೆ ವಾಸಿಯಾಗದ ಕಾಯಿಲೆ ಇತ್ತು, ಆ ನೋವೇ ಸಂಗೀತವಾಯಿತು ಎನ್ನುತ್ತಾರೆ. ನಿಜವೇ? ಅವರದು ಸಂಗೀತಗಾರರ ಮನೆಯೇ? ಯಾರ ಹತ್ತಿರ ಕಲಿತರು?
— ಓದುಗರು, ಶಿವಮೊಗ್ಗ

ಉತ್ತರ: ಕಾಯಿಲೆ ಇದ್ದದ್ದು ನಿಜ. ಆದರೆ ಅದೊಂದರಿಂದಲೇ ಆ ಸಂಗೀತ ಹುಟ್ಟಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೋವು ತಿಂದವರೆಲ್ಲ ಸಿಂಫನಿ ಬರೆಯುವುದಿಲ್ಲ, ಅಲ್ವಾ? ಪೆಟ್ಟರ್‌ಸನ್ ವರ್ಷಗಟ್ಟಲೆ ಕೂತು ಕಲಿತವರು. ಅವರ ಬಗ್ಗೆ ಮಾತು ಬಂದಾಗಲೆಲ್ಲ ಆಸ್ಪತ್ರೆಯ ಕಥೆ ಬರುತ್ತದೆ, ಪಾಠದ ಕಥೆ ಬರುವುದಿಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು.

ಅವರು ಹುಟ್ಟಿದ್ದು 1911ರ ಸೆಪ್ಟೆಂಬರ್ 19ರಂದು, ಉಪ್‌ಲಾಂಡ್ ಪ್ರಾಂತ್ಯದಲ್ಲಿ. ಬೆಳೆದದ್ದು ಸ್ಟಾಕ್‌ಹೋಮ್‌ನ ಸೋಡರ್‌ಮಾಲ್ಮ್‌ನಲ್ಲಿ. ಆಗ ಅದು ಕೂಲಿಕಾರರ ಬಡ ಕೇರಿ. ತಂದೆ ಕಮ್ಮಾರರು. ಕುಡಿತ, ಹೊಡೆತ ಎರಡೂ ಇತ್ತು. ತಾಯಿ ದೈವಭಕ್ತೆ, ಮನೆಯಲ್ಲಿ ಭಕ್ತಿಗೀತೆ ಹಾಡುತ್ತಿದ್ದರು. ಹುಡುಗನ ಕಿವಿಗೆ ಬಿದ್ದ ಮೊದಲ ಸಂಗೀತ ಅದೇ. ಕ್ರಿಸ್‌ಮಸ್ ಕಾರ್ಡ್ ಮಾರಿ ದುಡ್ಡು ಕೂಡಿಸಿ ತಾನೇ ಒಂದು ಪಿಟೀಲು ಕೊಂಡುಕೊಂಡ. ಆ ಮನೆಯಲ್ಲಿ ಪಿಟೀಲು ಯಾರಿಗೂ ಬೇಕಿರಲಿಲ್ಲ, ಅವನೊಬ್ಬನಿಗೆ ಬಿಟ್ಟು.

1930ರಲ್ಲಿ ಸ್ಟಾಕ್‌ಹೋಮ್‌ನ ಸಂಗೀತ ಶಾಲೆ ಕನ್ಸರ್ವೇಟರಿ ಸೇರಿದರು. ಅಲ್ಲಿ ಕೈಗೆ ಬಂದದ್ದು ವಿಯೋಲ. ನೋಡಲು ಪಿಟೀಲಿನ ಹಾಗೇ, ಸ್ವಲ್ಪ ದೊಡ್ಡದು, ಶ್ರುತಿ ಒಂದು ಪಂಚಮದಷ್ಟು ಕೆಳಗೆ. ಅದರಲ್ಲೇ ಪಳಗಿದರು. ಯೆನ್ನಿ ಲಿಂಡ್ ಹೆಸರಿನ ವಿದ್ಯಾರ್ಥಿವೇತನ ಸಿಕ್ಕಿತು. 1939ರಲ್ಲಿ ಪ್ಯಾರಿಸ್‌ಗೆ ಹೋಗಿ ಮೊರಿಸ್ ವ್ಯೂ ಎಂಬ ದೊಡ್ಡ ವಿಯೋಲ ಗುರುಗಳ ಹತ್ತಿರ ಕಲಿಯತೊಡಗಿದರು. ಅಷ್ಟರಲ್ಲಿ ಯುದ್ಧ. ವಾಪಸ್ ಬಂದು ಸ್ಟಾಕ್‌ಹೋಮ್‌ನ ಕನ್ಸರ್ಟ್ ಸೊಸೈಟಿ ಆರ್ಕೆಸ್ಟ್ರಾದಲ್ಲಿ ವಿಯೋಲ ನುಡಿಸುವ ಕೆಲಸ ಹಿಡಿದರು. 1940ರ ದಶಕ ಪೂರ್ತಿ ಅಲ್ಲೇ ದುಡಿದರು.

ಆ ಕುರ್ಚಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾನೂ ಒಂದು ಸಣ್ಣ ತಂಡದಲ್ಲಿ ವಿಯೋಲ ನುಡಿಸಿದವನು. ವಿಯೋಲದವರಿಗೆ ಹಾಡು ಸಿಗುವುದು ಅಪರೂಪ. ಮೇಲಿನ ಹಾಡು ಪಿಟೀಲಿನದು, ಕೆಳಗಿನ ಆಧಾರ ಚೆಲ್ಲೊ, ಬಾಸ್‌ಗಳದು. ನಡುವೆ ಕೂತು ತುಂಬಿಕೊಡುವುದು ನಮ್ಮ ಕೆಲಸ. ಸುಮ್ನೆ ಕೂತು ತಾಳ ಎಣಿಸುವ ಹೊತ್ತೂ ಬೇಕಾದಷ್ಟಿರುತ್ತದೆ. ಅಭ್ಯಾಸದ ದಿನ ಕಂಡಕ್ಟರ್, ಅಂದರೆ ಎದುರು ನಿಂತು ತಂಡ ನಡೆಸುವವರು, ಎಲ್ಲರನ್ನೂ ನಿಲ್ಲಿಸಿ ಟ್ರಾಂಬೋನಿನವರಿಗೆ ಮಾತ್ರ ಇನ್ನೊಮ್ಮೆ ನುಡಿಸಿ ಎನ್ನುತ್ತಾರೆ. ಆಮೇಲೆ ಚೆಲ್ಲೊ ಮಾತ್ರ. ಆಮೇಲೆ ಇಬ್ಬರೂ ಒಟ್ಟಿಗೆ. ನೀವು ಕಮಾನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಾ ಕೂತಿರುತ್ತೀರಿ. ಯಾವ ದನಿ ಯಾವುದನ್ನು ಮುಚ್ಚಿಹಾಕುತ್ತದೆ, ಯಾವುದು ಎಷ್ಟು ಗದ್ದಲದಲ್ಲೂ ತೂರಿ ಬರುತ್ತದೆ ಎಲ್ಲ ಗೊತ್ತಾಗುತ್ತದೆ. ಹತ್ತು ವರ್ಷ ಹೀಗೆ ಕೇಳಿಸಿಕೊಂಡವರಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಬೇಕಿಲ್ಲ ಎಂದು ನನಗೆ ಅನಿಸುತ್ತದೆ.

ಪೆಟ್ಟರ್‌ಸನ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಲಸದ ಜೊತೆಗೇ ಖಾಸಗಿ ಪಾಠ: ಒಟ್ಟೊ ಓಲ್ಸನ್ ಮತ್ತು ಕಾರ್ಲ್-ಬಿರ್ಗರ್ ಬ್ಲೂಮ್‌ಡಾಲ್ ಅವರ ಹತ್ತಿರ ದನಿಗಳನ್ನು ಹೆಣೆಯುವುದು, ಕಂಡಕ್ಟರ್ ತೂರ್ ಮನ್ ಅವರ ಹತ್ತಿರ ವಾದ್ಯಗಳಿಗೆ ಬರೆಯುವುದು. ಬ್ಲೂಮ್‌ಡಾಲ್ ಇವರಿಗಿಂತ ಐದು ವರ್ಷ ಚಿಕ್ಕವರು. ವಯಸ್ಸು ನೋಡದೆ ಹೋಗಿ ಕಲಿತರಲ್ಲ, ಅದು ನನಗೆ ತುಂಬಾ ಹಿಡಿಸುತ್ತದೆ. 1951ರಲ್ಲಿ, 40ರ ಹತ್ತಿರ, ಮತ್ತೆ ಪ್ಯಾರಿಸ್. ಈ ಸಲ ಹೋದದ್ದು ರಚನೆ ಕಲಿಯಲು. ಆರ್ಥರ್ ಒನೆಗೆರ್, ದಾರಿಯುಸ್ ಮಿಯೋ, ಒಲಿವಿಯೆ ಮೆಸಿಯಾನ್, ಎಲ್ಲರ ತರಗತಿಗೂ ಹೋದರು. ರೆನೆ ಲೈಬೋವಿಟ್ಸ್ ಅವರಿಂದ ಹನ್ನೆರಡು ಸ್ವರದ ಪದ್ಧತಿ ಕಲಿತರು. ಸಪ್ತಕದ ಹನ್ನೆರಡೂ ಸ್ವರಕ್ಕೆ ಒಂದೇ ಸ್ಥಾನ, ಯಾವುದೂ ಆಧಾರ ಷಡ್ಜ ಆಗಬಾರದು, ಅದು ಆ ಪದ್ಧತಿ. ಆಗ ಯೂರೋಪಿನಲ್ಲಿ ಅದರದೇ ಮಾತು. ಇವರು ಅದನ್ನು ಕಲಿತೂ ಆ ದಾರಿ ಹಿಡಿಯಲಿಲ್ಲ. ತಾಯಿಯ ಬಾಯಲ್ಲಿ ಕೇಳಿದಂಥ ಹಾಡನ್ನು ಬಿಟ್ಟುಕೊಡಲಿಲ್ಲ.

ಕಾಯಿಲೆ ಗೊತ್ತಾದದ್ದು ಇಷ್ಟೆಲ್ಲ ಆದ ಮೇಲೆ. 1950ರ ದಶಕದಲ್ಲಿ ಕೀಲುಗಳು ಊದಿಕೊಳ್ಳುವ ಸಂಧಿವಾತ ಬಂತು. ವಿಯೋಲ ಕೈಬಿಟ್ಟಿತು. ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಬರುಬರುತ್ತಾ ಕೆಳಗಿಳಿಯುವುದೇ ಕಷ್ಟವಾಯಿತು. 1964ರಲ್ಲಿ ಸರಕಾರ ಜೀವನಪೂರ್ತಿ ಆದಾಯದ ಭರವಸೆ ಕೊಟ್ಟಿತು. ನೀವು ಕೇಳಿದ ಏಳನೆಯದನ್ನು ಬರೆದದ್ದು 1966-67ರಲ್ಲಿ. 1968ರ ಅಕ್ಟೋಬರ್ 13ರಂದು ಕಂಡಕ್ಟರ್ ಅಂತಾಲ್ ದೊರಾಟಿ ಅದನ್ನು ಮೊದಲ ಸಲ ಜನರ ಮುಂದೆ ತಂದರು. ನುಡಿಸಿದ್ದು ಯಾವ ತಂಡ ಗೊತ್ತೇ? ಇವರು ವಿಯೋಲ ಹಿಡಿದು ಕೂತಿದ್ದ ಅದೇ ಆರ್ಕೆಸ್ಟ್ರಾ. ಅಷ್ಟು ಹೊತ್ತಿಗೆ ಅದರ ಹೆಸರು ಸ್ಟಾಕ್‌ಹೋಮ್ ಫಿಲ್‌ಹಾರ್ಮೋನಿಕ್ ಆಗಿತ್ತು.

ಏಳನೆಯದನ್ನು ಇನ್ನೊಮ್ಮೆ ಕೇಳಿ. ಮೇಲಿನ ಪಿಟೀಲನ್ನು ಹಿಂಬಾಲಿಸಬೇಡಿ, ನಡುವಿನ ದನಿಗಳಿಗೆ ಕಿವಿ ಕೊಡಿ. ಅವು ಸುಮ್ಮನಿರುವುದೇ ಇಲ್ಲ. ಗದ್ದಲ ಇಳಿದು ತಂತಿವಾದ್ಯಗಳು ಉದ್ದಕ್ಕೆ ಹಾಡತೊಡಗುವ ಜಾಗದಲ್ಲಿ ನಾನು ಹೇಳಿದ್ದು ಚೆನ್ನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಹಾಗಾದರೆ ಮುಂದೆ ಏನು ಕೇಳಲಿ? ಒಂಬತ್ತನೇ ಸಿಂಫನಿ ಆಗಬಹುದೇ?
— ಅದೇ ಓದುಗರು

ಉತ್ತರ: ಈಗಲೇ ಬೇಡ. ಅದು ಒಂದು ಗಂಟೆಗೂ ಜಾಸ್ತಿ, ಅದೂ ಒಂದೇ ಉಸಿರಿನಲ್ಲಿ. ಮೊದಲು ‘ಬರಿಗಾಲಿನ ಹಾಡುಗಳು’ ಕೇಳಿ. 1943-45ರಲ್ಲಿ, ಆರ್ಕೆಸ್ಟ್ರಾ ಕೆಲಸದ ನಡುವೆಯೇ ಬರೆದ 24 ಹಾಡು. ಪದಗಳೂ ಅವರವೇ. ಒಂದು ಕಂಠ, ಒಂದು ಪಿಯಾನೊ, ಅಷ್ಟೇ. ಅದರಲ್ಲಿ ‘ದೇವರು ಹುಲ್ಲುಗಾವಲಲ್ಲಿ ನಡೆಯುತ್ತಾನೆ’ ಎಂಬ ಹಾಡನ್ನು ಗುರುತಿಟ್ಟುಕೊಳ್ಳಿ. ಆಮೇಲೆ ಅವರ ಎರಡನೇ ಪಿಟೀಲು ಕಾನ್ಸರ್ಟೊಗೆ, ಅಂದರೆ ಒಂದು ಪಿಟೀಲು ಮುಂದೆ, ಆರ್ಕೆಸ್ಟ್ರಾ ಹಿಂದೆ ಇರುವ ಕೃತಿಗೆ, ಹೋಗಿ. 1980ರಲ್ಲಿ ಪಿಟೀಲು ವಾದಕಿ ಇಡಾ ಹೆಂಡೆಲ್ ಅದನ್ನು ಮೊದಲ ಸಲ ನುಡಿಸಿದರು, ಅದೇ ವರ್ಷ ಜೂನ್ 20ರಂದು ಪೆಟ್ಟರ್‌ಸನ್ ತೀರಿಕೊಂಡರು. ಮೂವತ್ತಕ್ಕೂ ಜಾಸ್ತಿ ವರ್ಷದ ಹಿಂದಿನ ಆ ಹುಲ್ಲುಗಾವಲಿನ ಹಾಡು ಅದರಲ್ಲಿ ಮತ್ತೆ ಬರುತ್ತದೆ. ಹುಡುಕುತ್ತಾ ಕೇಳಿ, ಸಿಗುತ್ತದೆ.

ಮೂರನೆಯದು ವಿಯೋಲ ಕಾನ್ಸರ್ಟೊ. 1979ರಲ್ಲಿ ಬರೆದದ್ದು, ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ. ಅದಕ್ಕೆ ಮಾತ್ರ ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ವಿಯೋಲದ ಕೆಳಗಿನ ತಂತಿ ಸರಿಯಾಗಿ ಕೇಳಿಸುವುದಿಲ್ಲ.