ಹಳೆ ಬ್ಯಾರಲ್‌ನಿಂದ ಇದ್ದಿಲಿನ ಸ್ಮೋಕರ್ ಮನೆಯಲ್ಲೇ ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಧಾರವಾಡದಲ್ಲಿ ಮನೆಗೆ ಹಿತ್ತಲಿದೆ, 200 ಲೀಟರ್ ಬ್ಯಾರಲ್‌ನಲ್ಲಿ ಚಿಕನ್, ಮಟನ್ ಹೊಗೆ ಹಾಕಿ ಬೇಯಿಸಬೇಕು, ಯಾವುದಕ್ಕೆ ಹುಷಾರಾಗಿರಬೇಕು ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಅಂಥದ್ದೇ ಒಂದು ಇಟ್ಟುಕೊಂಡಿದ್ದೇನೆ. ಜನ ಕಟ್ಟಿಗೆ ಯಾವುದು, ಮಸಾಲೆ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ ಗಾಳಿ ಹಿಡಿತಕ್ಕೆ ಬಂತು ಅಂದರೆ ಮುಕ್ಕಾಲು ಕೆಲಸ ಮುಗೀತು.

ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೆಮಿಕಲ್ ತುಂಬಿದ ಬ್ಯಾರಲ್ ತರಬೇಡಿ. ಅಡುಗೆ ಎಣ್ಣೆಯಂಥ ತಿನ್ನುವ ಪದಾರ್ಥ ಇದ್ದದ್ದೇ ಆಗಬೇಕು. ಒಳಗೆ ಬಣ್ಣದ ಲೇಪ ಇದ್ದರೆ ಅದನ್ನೂ ಬಿಡಿ. ಬಾಯಿ ಮುಚ್ಚಿದ ಬ್ಯಾರಲ್‌ಗೆ ನೇರವಾಗಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಚ್ಚಿದರೆ, ಒಳಗೆ ಉಳಿದ ಆವಿಗೆ ಕಿಡಿ ತಾಗಿ ಸಿಡಿಯಬಹುದು. ಮುಚ್ಚಳ ಬಿಚ್ಚುವಂಥದ್ದು ಸಿಕ್ಕರೆ ಕೊಯ್ಯುವ ಗೋಜೇ ಇಲ್ಲ.

ತಳದಿಂದ ಎರಡು ಇಂಚು ಮೇಲೆ, ಸುತ್ತಲೂ ಮುಕ್ಕಾಲು ಇಂಚಿನ ಮೂರು ತೂತು. ಒಂದಕ್ಕೆ ಬಾಲ್ ವಾಲ್ವ್ (ತಿರುಗಿಸಿ ಗಾಳಿ ಹೆಚ್ಚುಕಡಿಮೆ ಮಾಡುವ ನಲ್ಲಿ), ಉಳಿದೆರಡಕ್ಕೆ ಕ್ಯಾಪ್. ಮುಚ್ಚಳಕ್ಕೆ ಅರ್ಧ ಇಂಚಿನ ಎಂಟು ತೂತು. ಇದ್ದಿಲಿನ ಬುಟ್ಟಿ ತಳದಿಂದ ಮೂರು ಇಂಚು ಎತ್ತರದಲ್ಲಿ ನಿಲ್ಲಲಿ, ಅದರಿಂದ ಎರಡು ಅಡಿ ಮೇಲೆ ಮಾಂಸದ ಜಾಲರಿ. ಎರಡಕ್ಕೂ ಜಿಐ (ಸತು ಲೇಪಿಸಿದ ಕಬ್ಬಿಣ) ಬೇಡ, ಬಿಸಿಗೆ ಸತುವಿನ ಹೊಗೆ ಏಳುತ್ತದೆ. ವೆಲ್ಡಿಂಗ್ ಅಂಗಡಿಯವರು 'ಏನ್ ಆಗಂಗಿಲ್ರೀ ಸರ್' ಅಂತಾರೆ, ಕೇಳಬೇಡಿ. ಅಡುಗೆಗೆ ಮುಂಚೆ ಒಮ್ಮೆ ಬರೀ ಬ್ಯಾರಲ್‌ನಲ್ಲಿ ಜೋರಾಗಿ ಬೆಂಕಿ ಹಾಕಿ ಸುಡಿ.

ಇದ್ದಿಲಿಗೆ ನಮ್ಮ ಬಳ್ಳಾರಿ ಜಾಲಿಯದ್ದೇ ಸಾಕು. ಅಮೆರಿಕದವರು ಬಾರ್ಬೆಕ್ಯೂಗೆ ಬಳಸುವ ಮೆಸ್ಕೀಟ್ ಅದೇ ಕುಲದ ಗಿಡ. ಇಲ್ಲಿ ನಾವು ಬೈದುಕೊಂಡು ಕಡಿಯುತ್ತೇವೆ, ಅಷ್ಟೇ.

ಹೊತ್ತಿಸುವಾಗ ಇಡೀ ಬುಟ್ಟಿಗೆ ಬೆಂಕಿ ಹಚ್ಚಬೇಡಿ. ಹೊತ್ತಿಸದ ಇದ್ದಿಲು ತುಂಬಿ, ಮೇಲೆ ಹತ್ತಾರು ಕೆಂಡ ಇಡಿ. ಅದು ಮೇಲಿನಿಂದ ಕೆಳಕ್ಕೆ ನಿಧಾನ ಇಳಿಯುತ್ತದೆ. ನಡುನಡುವೆ ಪೇರಲ ಅಥವಾ ಮಾವಿನ ಒಣ ತುಂಡು ಮೂರ್ನಾಲ್ಕು ಇರಲಿ. ಬೇವು, ನೀಲಗಿರಿ, ಪ್ಲೈವುಡ್ ಬೇಡವೇ ಬೇಡ. ಮೊದಲು ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಆಗಲೇ ಮಾಂಸ ಇಟ್ಟರೆ ಕಹಿ. ಹೊಗೆ ತೆಳ್ಳಗಾಗಿ, ಬಿಸಿಲಿಗೆ ಹಿಡಿದು ನೋಡಿದರೆ ನೀಲಿ ಕಾಣುವವರೆಗೆ ಕಾಯಿರಿ. ಬೇಕಾದದ್ದು 120 ಡಿಗ್ರಿ ಆಸುಪಾಸು. ಥರ್ಮಾಮೀಟರ್ 100 ದಾಟುತ್ತಿದ್ದಂತೆ ಕ್ಯಾಪ್ ಹಾಕಿ, ವಾಲ್ವ್ ಅರ್ಧ ಮುಚ್ಚಿ. ಒಮ್ಮೆ ಮೇಲೇರಿತು ಅಂದರೆ ಇಳಿಸುವುದು ಕಷ್ಟ. 'ಬೆಂತಾ?' ಅಂತ ಸುಮ್ನೆ ಮುಚ್ಚಳ ಎತ್ತಿದರೂ ಗಾಳಿ ನುಗ್ಗಿ ಕೆಂಡ ಕೆರಳುತ್ತದೆ, ಕೊಬ್ಬು ಚುರ್ ಅಂತ ಹತ್ತಿಕೊಳ್ಳುತ್ತದೆ. ಆಷಾಢದ ಗಾಳಿಯಲ್ಲಂತೂ ವಾಲ್ವ್ ಮುಖ ಪಶ್ಚಿಮಕ್ಕೆ ಇರಬಾರದು.

ಮೊದಲಿಗೆ ಚಿಕನ್ ಮಾಡಿ. ತೊಡೆಯ ಒಳಗೆ 74 ಡಿಗ್ರಿ ಬಂದರೆ ಆಯ್ತು. ಕುರಿಯ ಮುಂಗಾಲಿಗೆ ಒಳಗೆ 90 ದಾಟಬೇಕು, ಐದಾರು ತಾಸು ಹಿಡಿಯುತ್ತದೆ. ಮುಗಿದ ಮೇಲೆ ಎಲ್ಲ ತೂತು ಮುಚ್ಚಿದರೆ ಬೆಂಕಿ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. ಬೂದಿ ಮಾತ್ರ ಮರುದಿನವೇ ತೆಗೆಯಿರಿ, ಮಳೆಗಾಲದಲ್ಲಿ ಅದು ತೇವ ಹಿಡಿದು ತಳವನ್ನೇ ತಿಂದುಬಿಡುತ್ತದೆ.